ರೈಲು ಬಿಟ್ಟೆ, ಹೊಗೆ ಬಿಡಲಿಲ್ಲ

ನಮ್ಮ ಮನೆಯಲ್ಲಿ ಹೊಗೆ ಬಿಡಲು ಬಾರದ ಸಾಮಾನು ಕಡಿಮೆ. ಮಿಕ್ಸಿ ಬಿಟ್ಟಿದೆ. ಇಸ್ತ್ರಿಪೆಟ್ಟಿಗೆ ಬಿಟ್ಟಿದೆ. ಹಳೇ ಸ್ಕೂಟರು ದಿನಾ ಬೆಳಿಗ್ಗೆ ಬಿಟ್ಟು ಬೀದಿಯವರ ಕೈಲೆಲ್ಲ ಬೈಸಿಕೊಂಡಿದೆ. ಒಮ್ಮೆ ಟಿವಿ ಕೂಡ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಶಾಪ ಹಾಕುವ ಹೊತ್ತಿಗೆ ಸರಿಯಾಗಿ ಹೊಗೆ ಬಿಟ್ಟು, ಅತ್ತೆಯ ಶಕ್ತಿಯ ಬಗ್ಗೆ ಮನೆಮಂದಿಗೆಲ್ಲ ಭಯ ಹುಟ್ಟಿಸಿತ್ತು. ಇವುಗಳಲ್ಲಿ ಒಂದಕ್ಕೂ ‘ಬಿಡಪ್ಪಾ’ ಅಂತ ನಾನು ಹೇಳಿದವನಲ್ಲ. ಹೊಗೆ ಬಿಡುವುದಕ್ಕೆಂದೇ ಹುಟ್ಟಿದ, ಹೊಗೆ ಬಿಡುತ್ತೇನೆ ಅಂತ ಡಬ್ಬಿಯ ಮೇಲೆ ಚಿತ್ರ ಸಮೇತ ಬರೆಸಿಕೊಂಡು ಬಂದ ಒಂದೇ ಒಂದು ಸಾಮಾನು ಮನೆಗೆ ಬಂತು ನೋಡಿ, ಅದು ಮಾತ್ರ ಬಿಡಲಿಲ್ಲ. ನಿಮಗೂ ಆಗಿರುತ್ತೆ. ನೆಂಟರು ಬಂದ ದಿನವೇ ಕುಕ್ಕರ್ ಕೂಗುವುದಿಲ್ಲ, ಮೆಕ್ಯಾನಿಕ್ ಎದುರು ನಿಂತಾಗ ಮಾತ್ರ ಗಾಡಿ ಸದ್ದು ಮಾಡುವುದಿಲ್ಲ. ಆದ್ದರಿಂದ ಮುಂದಿನದನ್ನು ನಗದೆ ಓದಿ ಅಂತ ಕೇಳುವುದಿಲ್ಲ; ಒಬ್ಬರೇ ನಗಬೇಡಿ ಅಂತಷ್ಟೇ ಕೇಳುತ್ತೇನೆ.

ಆ ಸಾಮಾನು ಅಂದರೆ ಆಟದ ರೈಲಿನ ಎಂಜಿನ್ನು. ಜರ್ಮನಿಯಲ್ಲಿರುವ ನನ್ನ ಭಾವಮೈದ ರಜಕ್ಕೆ ಬಂದಾಗ ಮಗಳಿಗೆಂದು ತಂದುಕೊಟ್ಟದ್ದು. ಕಪ್ಪು ಮೈ, ಕೆಂಪು ಚಕ್ರ, ನಿಜವಾದ ಉಗಿ ಎಂಜಿನ್ನಿನ 87ನೇ ಒಂದು ಪಾಲು ಅಳತೆ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಮಗಳು ಒಂದು ಸುತ್ತು ಓಡಿಸಿ, “ಚೆನ್ನಾಗಿದೆ” ಅಂದು ಫೋನಿಗೆ ವಾಪಸಾದಳು. ಆ ಕ್ಷಣದಿಂದ ರೈಲ್ವೆ ಇಲಾಖೆ ನನ್ನ ವಶವಾಯಿತು.

ನಾನು ಹಲಸೂರಿನವನು. ಚಿಕ್ಕಂದಿನಲ್ಲಿ ಅಪ್ಪ ಭಾನುವಾರ ನನ್ನನ್ನು ದಂಡು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಉಗಿಬಂಡಿ ತೋರಿಸುತ್ತಿದ್ದರು. ಒಗೆದ ಬಿಳಿ ಅಂಗಿಯಲ್ಲಿ ಹೋಗಿ ಕಪ್ಪು ಚುಕ್ಕೆಯ ಅಂಗಿಯಲ್ಲಿ ಬರುತ್ತಿದ್ದೆ. 1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರ್‌ಪೇಟೆಯಿಂದ ಹಳಿ ಎಳೆದುಕೊಂಡು ಬಂದಾಗ ರೈಲು ನಿಂತದ್ದು ನಮ್ಮ ದಂಡಿನಲ್ಲೇ. ಪೇಟೆಯ ಕಡೆಯವರು ಆಮೇಲೆ ಎಷ್ಟೋ ವರ್ಷ ರೈಲು ಹತ್ತಬೇಕಾದರೆ ನಮ್ಮ ಕಡೆಗೇ ಬರಬೇಕಿತ್ತು. ಈ ಹೆಮ್ಮೆ ಹಲಸೂರಿನವರ ರಕ್ತದಲ್ಲಿದೆ. ಜಯನಗರದ ಬೀಗರ ಮುಂದೆ ಹೇಳಿಕೊಳ್ಳಲು ಬೇರೇನೂ ಇಲ್ಲದಾಗ ನಾನು ಇದನ್ನೇ ಹೇಳುವುದು. ಹಾಗಾಗಿ ನಮ್ಮ ಮನೆಯಲ್ಲೂ ಅದೇ ಮಾರ್ಗ ಹಾಕಿದೆ. ಊಟದ ಮೇಜಿನ ಕೆಳಗೆ ಬೆಂಗಳೂರು ದಂಡು, ಫ್ರಿಜ್ಜಿನ ಪಕ್ಕ ಕೆ.ಆರ್. ಪುರ, ಚಪ್ಪಲಿ ಸ್ಟ್ಯಾಂಡಿನ ಬಳಿ ಬಂಗಾರಪೇಟೆ, ಮಂಚದ ಕೆಳಗಿನ ಕತ್ತಲಲ್ಲಿ ಜೋಲಾರ್‌ಪೇಟೆ. ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಉದ್ಘಾಟನೆ ಮಾಡಿದೆ. ನಿಂಬೆಹಣ್ಣು ಎಂಜಿನ್ನಿಗಿಂತ ದಪ್ಪವಿತ್ತು. ಉದ್ಘಾಟನೆಯ ದಿನವೇ ರೈಲು ಹಳಿ ತಪ್ಪಿತು.

ಅದು ಶಕುನ ಅಂತ ನಮ್ಮತ್ತೆ ಹೇಳಿದರು. ನಾನು ಕೇಳಲಿಲ್ಲ.

ಹೊಗೆ ಬರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆರಿಹೋಗುತ್ತಿರುವ ಊದುಬತ್ತಿಯ ಕೊನೆಯ ಎಳೆ ಇರುತ್ತದಲ್ಲ, ಅಷ್ಟು. ಅದನ್ನೂ ನೋಡಬೇಕಾದರೆ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಉಸಿರು ಬಿಗಿಹಿಡಿದು, ಎಂಜಿನ್ನಿನ ಹಿಂದೆ ಕಪ್ಪು ಕೊಡೆ ಬಿಚ್ಚಿ ಹಿಡಿದು ನೋಡಬೇಕು. ನಾನು ನೆಲದ ಮೇಲೆ ಬೋರಲಾಗಿ ಮಲಗಿ, ಮನೆಯೊಳಗೆ ಕೊಡೆ ಬಿಚ್ಚಿಕೊಂಡು, ಉಸಿರು ಕಟ್ಟಿ, ಕಣ್ಣು ಕೆಂಪು ಮಾಡಿಕೊಂಡಿದ್ದಾಗ ಹಾಲಿನವನು ಬಾಗಿಲಿಗೆ ಬಂದ. ಅವತ್ತಿನಿಂದ ಅವನು ನನ್ನ ಹತ್ತಿರ ದುಡ್ಡು ಕೇಳುವುದಿಲ್ಲ, ನಮ್ಮವಳನ್ನೇ ಕೇಳುತ್ತಾನೆ.

ಚಿಮಣಿಯೊಳಗಿನ ಕರಾಮತ್ತು ಸರಳವಾದದ್ದೇ. ಒಂದು ಪುಟ್ಟ ಲೋಹದ ಕೊಳವೆ, ಅದರಲ್ಲಿ ಎಣ್ಣೆ. ಅದರ ನಡುವೆ ಸೂಜಿಯಷ್ಟು ಸಪೂರವಾದ ಇನ್ನೊಂದು ಕೊಳವೆ, ಅದಕ್ಕೆ ಸುತ್ತಿದ ತಂತಿ. ಹಳಿಯ ಕರೆಂಟು ತಂತಿಯನ್ನು ಕಾಯಿಸುತ್ತದೆ, ಎಣ್ಣೆ ಆವಿಯಾಗಿ ಮೇಲೆ ಚಿಮ್ಮುತ್ತದೆ, ತಣ್ಣನೆಯ ಗಾಳಿ ಸೋಕಿದೊಡನೆ ಕಣ್ಣಿಗೆ ಬಿಳಿಯಾಗಿ ಕಾಣುವ ಸಣ್ಣ ಹನಿಗಳಾಗುತ್ತದೆ. ಅಂದರೆ ಅದು ಹೊಗೆಯೇ ಅಲ್ಲ, ಎಣ್ಣೆಯ ಮಂಜು. ಅದಕ್ಕೆ ಬೇಕಾದ ತೆಳುವಾದ ಶುದ್ಧ ಎಣ್ಣೆಯ ಪುಟ್ಟ ಬಾಟಲಿಯನ್ನೂ ಭಾವಮೈದ ಕೊಟ್ಟಿದ್ದ. ‘ಕೆಲವೇ ಹನಿ’ ಎಂದು ಪುಸ್ತಿಕೆಯಲ್ಲಿ ಹನಿಗಳ ಚಿತ್ರವನ್ನೇ ಬರೆದಿದ್ದರು. ಆದರೆ ಎಣ್ಣೆಯ ವಿಷಯದಲ್ಲಿ ಕನ್ನಡಿಗನಿಗೆ ಹನಿ ಲೆಕ್ಕ ಹೇಳಿಕೊಡಲು ಇವರು ಯಾರು? ದೀಪಾವಳಿಯಲ್ಲಿ ನೆತ್ತಿಗೆ ಹಚ್ಚಿದರೆ ಹಿಮ್ಮಡಿಯಲ್ಲಿ ಇಳಿಯಬೇಕು, ಉಪ್ಪಿನಕಾಯಿಗೆ ಸುರಿದರೆ ಮೇಲೆ ಒಂದು ಅಂಗುಲ ನಿಲ್ಲಬೇಕು. ನಾನು ಚಿಮಣಿಯ ಬಾಯಿ ತುಂಬ ಹುಯ್ದೆ.

ಇದ್ದ ಎಳೆಯೂ ನಿಂತುಹೋಯಿತು. ಎಣ್ಣೆ ಕೆರೆಯಾದರೆ ಅಷ್ಟು ಸಣ್ಣ ತಂತಿ ಅದನ್ನೆಲ್ಲ ಕುದಿಸುವುದು ಯಾವಾಗ? ಒಳಗೆ ಒಂದೆರಡು ಸಲ ಗೊಳಗೊಳ ಅಂದು, ಎಂಜಿನ್ನು ನನ್ನ ಕನ್ನಡಕದ ಮೇಲೆ ಪುಚಕ್ ಎಂದು ಉಗುಳಿತು. ಉಳಿದ ಎಣ್ಣೆ ಮೈಯೆಲ್ಲ ಹರಿದು ಚಕ್ರಕ್ಕಿಳಿಯಿತು, ಚಕ್ರದಿಂದ ಹಳಿಗೆ ಹತ್ತಿತು, ಕೆ.ಆರ್. ಪುರದ ಏರಿನಲ್ಲಿ ರೈಲು ನಿಂತಲ್ಲೇ ಚಕ್ರ ತಿರುಗಿಸತೊಡಗಿತು. ಹಿಡಿದುಕೊಳ್ಳಲು ಓಡಿದವನು ಮೊಸಾಯಿಕ್ ನೆಲದ ಮೇಲಿನ ಎಣ್ಣೆಯಲ್ಲಿ ಜಾರಿ, ಬಂಗಾರಪೇಟೆಯಲ್ಲಿ ನಿಲ್ಲದೆ, ಚಪ್ಪಲಿಗಳನ್ನು ಚೆದುರಿಸಿಕೊಂಡು, ರೈಲಿಗಿಂತ ಮೊದಲೇ ಜೋಲಾರ್‌ಪೇಟೆ ತಲುಪಿದೆ. ಮಂಚದ ಕೆಳಗಿನಿಂದ ನನ್ನ ಕಾಲು ಮಾತ್ರ ಕಾಣುತ್ತಿತ್ತಂತೆ. “ರೀ, ಅಲ್ಲೇ ಇದೀರಲ್ಲ, ಹಂಗೇ ಆ ಕಳೆದುಹೋದ ಓಲೆ ತಿರುಪು ಸಿಗುತ್ತಾ ನೋಡಿ” ಅಂದಳು ನಮ್ಮವಳು. ಸಿಕ್ಕಿತು. ಈ ಇಡೀ ಕಥೆಯಲ್ಲಿ ಮನೆಗೆ ಆದ ಲಾಭ ಅದೊಂದೇ.

ಎಣ್ಣೆ ಹೆಚ್ಚಾದರೆ ಎಂಜಿನ್ನನ್ನು ಕಾಗದದ ಮೇಲೆ ಬೋರಲು ಹಾಕಿ ಬಸಿದರೆ ಮುಗಿಯಿತು. ನಾನು ಅಲ್ಲಿಗೆ ನಿಲ್ಲಿಸುತ್ತೇನೆಯೇ? ಕೊಳವೆಯೊಳಗೆ ಉಳಿದಿರಬಹುದಾದ ಎಣ್ಣೆ ತೆಗೆಯಲು ಹಲ್ಲುಕಡ್ಡಿ ತೂರಿಸಿದೆ. ಹೋಗುವಾಗ ಉದ್ದವಿದ್ದದ್ದು ಬರುವಾಗ ಮೋಟಾಗಿತ್ತು. ‘ಮೊದಲೇ ಅಷ್ಟಿತ್ತೇನೋ’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಿಸಾಡಿದೆ. ಈ ಕಡ್ಡಿಯನ್ನು ದಯವಿಟ್ಟು ನೆನಪಿನಲ್ಲಿಡಿ.

ಮುಂದಿನ ಪಾಠ ವೋಲ್ಟೇಜಿನದು. ನಮ್ಮದು ಹಳೆಯ ಪದ್ಧತಿಯ ರೈಲು. ಹಳಿಯಲ್ಲಿ ಎಷ್ಟು ವೋಲ್ಟು ಹರಿಯುತ್ತದೋ ಅದರಲ್ಲೇ ಮೋಟರೂ ಓಡಬೇಕು, ತಂತಿಯೂ ಕಾಯಬೇಕು. ನಿಧಾನ ಓಡಿಸಿದರೆ ವೋಲ್ಟು ಕಡಿಮೆ, ಶಾಖ ಕಡಿಮೆ, ಹೊಗೆ ಸೊನ್ನೆ. ಹೊಗೆ ಬೇಕೆಂದು ಗುಂಡಿ ತಿರುಗಿಸಿದರೆ ಉಗಿಬಂಡಿ ವಂದೇ ಭಾರತ್ ಆಗುತ್ತದೆ. ಹಳಿಗೆ ಸದಾ ಒಂದೇ ವೋಲ್ಟು ಕೊಟ್ಟು, ವೇಗವನ್ನೂ ಹೊಗೆಯನ್ನೂ ಬೇರೆ ಬೇರೆ ಆಳುವ ಡಿಜಿಟಲ್ ಪದ್ಧತಿ ಈಗ ಬಂದಿದೆ. ಅದರ ಬೆಲೆಯನ್ನು ಭಾವಮೈದ ಫೋನಿನಲ್ಲಿ ಹೇಳಿದಾಗ ನಾನು ‘ಸಿಗ್ನಲ್ ಸರಿಯಿಲ್ಲ’ ಅಂದುಬಿಟ್ಟೆ. ಇದ್ದುದರಲ್ಲೇ ನೋಡೋಣ ಅಂತ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಎಂಜಿನ್ನು ದಂಡು ಬಿಟ್ಟದ್ದು ಕಂಡಿತು, ಕೆ.ಆರ್. ಪುರ ದಾಟಿದ್ದು ಕೇಳಿಸಿತು, ಮುಂದಿನ ತಿರುವಿನಲ್ಲಿ ಅದು ಹಳಿಯ ಮಾತು ಕೇಳಲಿಲ್ಲ. ನಮ್ಮತ್ತೆ ಹುಳಿಯ ಪಾತ್ರೆಯನ್ನು ಆಗಷ್ಟೇ ಇಳಿಸಿ ನೆಲದ ಮೇಲಿಟ್ಟಿದ್ದರು. ಸಾರಿನಲ್ಲಿ ಬಿದ್ದ ಎಂಜಿನ್ನಿನಿಂದ ಆವಿ ಬಂತು, ಒಪ್ಪಿಕೊಳ್ಳುತ್ತೇನೆ. ಚೆನ್ನಾಗಿಯೇ ಬಂತು. ಆದರೆ ಅದು ನುಗ್ಗೇಕಾಯಿ ಹುಳಿಯ ಆವಿ.

ತೊಳೆದು ಒರೆಸಿ ಒಣಗಿಸಿದ ಮೇಲೆ ಎಂಜಿನ್ನು ಬಿಕ್ಕಳಿಸಿ ಬಿಕ್ಕಳಿಸಿ ಓಡತೊಡಗಿತು. ಹಳಿ, ಚಕ್ರ ಕೊಳೆಯಾದರೆ ಕರೆಂಟು ಸರಿಯಾಗಿ ಹಾಯುವುದಿಲ್ಲ, ಹೊಗೆ ಬರದಿರಲು ಅದೂ ಒಂದು ಕಾರಣ ಅಂತ ಗೊತ್ತಾಯಿತು. ಸ್ಪಿರಿಟ್ಟಿನಲ್ಲಿ ಒರೆಸಬೇಕಂತೆ. ಸ್ಪಿರಿಟ್ಟಿಗೆ ದುಡ್ಡು ಯಾಕೆ, ಕೊರೋನಾ ಕಾಲದ ಸ್ಯಾನಿಟೈಸರ್ ಅಟ್ಟದ ಮೇಲೆ ಡಬ್ಬಿಗಟ್ಟಲೆ ಇದೆ ಅಂತ ಅದನ್ನೇ ಬಳಿದೆ. ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ. ಸ್ಪಿರಿಟ್ಟು ಹಾರಿತು, ಗ್ಲಿಸರಿನ್ ಉಳಿಯಿತು. ನಮ್ಮ ಮಾರ್ಗವೆಲ್ಲ ಅಂಟಂಟಾಗಿ, ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ ಇರುವೆಗಳು ಸಾಲಾಗಿ ನಡೆದವು. ಆ ವಾರ ನಮ್ಮ ಹಳಿಯ ಮೇಲೆ ವೇಳೆಗೆ ಸರಿಯಾಗಿ ಓಡಾಡಿದ್ದು ಅವು ಮಾತ್ರ.

ಅಷ್ಟರಲ್ಲಿ ಬಾಟಲಿಯ ಎಣ್ಣೆ ತಳ ಕಂಡಿತು. ಭಾವಮೈದ ಇನ್ನೊಂದು ಬಾಟಲಿ ಕಳಿಸುವ ತನಕ ಕಾಯುವುದು ತಾನೆ? ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಇತ್ತು. ಹಾಕಿದೆ. ಹೊಗೆ ಬರಲಿಲ್ಲ, ವಾಸನೆ ಬಂತು. ಎಂಥ ವಾಸನೆ ಅಂದರೆ ಪಕ್ಕದ ಮನೆಯ ಹುಡುಗ ಬಟ್ಟಲು ಹಿಡಿದುಕೊಂಡು ಬಂದು, “ಅಂಕಲ್, ಬಾಳೆಕಾಯಿ ಚಿಪ್ಸ್ ಮಾಡ್ತಾ ಇದೀರಂತೆ?” ಅಂತ ನಿಂತ. ಇಲ್ಲ ಅನ್ನಲು ಮನಸ್ಸಾಗದೆ ಅಂಗಡಿಯಿಂದ ಚಿಪ್ಸ್ ತಂದುಕೊಟ್ಟೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುತ್ತದೆ ಅನ್ನುವುದು ಡಿಸೆಂಬರಿನಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಪ್ರತಿಯೊಬ್ಬ ಬೆಂಗಳೂರಿಗನಿಗೂ ಗೊತ್ತು; ಬಾಟಲಿಯನ್ನು ಬಿಸಿಲಿಗಿಟ್ಟು ಕಾಯುವ ಕೆಲಸ ನಮ್ಮೂರಿನದೇ. ಅದು ಚಿಮಣಿಯೊಳಗೂ ಗಟ್ಟಿಯಾಗುತ್ತದೆ ಅಂತ ನನಗೆ ಮರುದಿನ ಬೆಳಿಗ್ಗೆ ಹೊಳೆಯಿತು. ಎಂಜಿನ್ನನ್ನು ಟೆರೇಸಿನಲ್ಲಿ, ಹಪ್ಪಳದ ಪಕ್ಕ ಬಿಸಿಲಿಗಿಟ್ಟು, ಕಾಗೆ ಹೊತ್ತೊಯ್ಯದಿರಲಿ ಅಂತ ಕೋಲು ಹಿಡಿದು ಕೂತೆ.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಸುಮ್ಮನಿರಲು ಆಗುವುದಿಲ್ಲ, ಇತಿಹಾಸ ಓದುತ್ತಾನೆ. 1946ರಲ್ಲಿ ಅಮೆರಿಕದ ಲಯನೆಲ್ ಕಂಪನಿ ಹೊಗೆ ಬಿಡುವ ಆಟದ ಎಂಜಿನ್ ಮಾರುಕಟ್ಟೆಗೆ ತಂದಾಗ ಎಣ್ಣೆಯನ್ನಲ್ಲ, ಚಿಮಣಿಯೊಳಗೆ ಮಾತ್ರೆ ಹಾಕುತ್ತಿದ್ದರು. ಒಳಗಿನ ಬಲ್ಬಿನ ಶಾಖಕ್ಕೆ ಮಾತ್ರೆ ಕರಗಿ ಹೊಗೆ ಬರುತ್ತಿತ್ತು. ಓದಿದ್ದೇ ತಡ, ನನ್ನ ಕಣ್ಣು ದೇವರಮನೆಯ ಕರ್ಪೂರದ ಡಬ್ಬಿಯ ಮೇಲೆ ಬಿತ್ತು. ಬಿಳಿ, ಗುಂಡಗೆ, ಮಾತ್ರೆಯ ಅಳತೆ. ಇನ್ನೇನು ಬೇಕು? ಪುಡಿಮಾಡಿ ಸುರಿದೆ. ಕರ್ಪೂರ ಬಿಸಿಗೆ ಸದ್ದಿಲ್ಲದೆ ಹಾರಿ, ಚಿಮಣಿಯ ತಣ್ಣನೆ ತುದಿಯಲ್ಲಿ ಮತ್ತೆ ಹರಳಾಗಿ ಕಟ್ಟಿಕೊಂಡಿತು. ಘಮಘಮ ಎಂದು ಮನೆ ತುಂಬಿತು. ಎಂಜಿನ್ನು ಪೀಪ್ ಅಂದುಕೊಂಡು ದೇವರಮನೆಯ ಬಾಗಿಲ ಮುಂದೆ ಹಾದಾಗ ನಮ್ಮತ್ತೆ ಎರಡೂ ಕೈಯಿಂದ ಅದರ ಮೇಲಿನ ಗಾಳಿಯನ್ನು ಕಣ್ಣಿಗೊತ್ತಿಕೊಂಡರು. ದಕ್ಷಿಣೆಯೊಂದನ್ನು ಹಾಕಲಿಲ್ಲ.

ಆಮೇಲಿನ ಎಂಜಿನ್ನುಗಳಲ್ಲಿ ಎಣ್ಣೆ ಹೀರಿಕೊಳ್ಳಲು ಬತ್ತಿ ಇರುತ್ತದೆ, ಅದು ಕರಕಲಾದರೆ ಹೊಗೆ ಕಡಿಮೆಯಾಗುತ್ತದೆ, ಹೊಸದು ಹಾಕಬೇಕು ಅಂತ ಮುಂದಿನ ಪುಟದಲ್ಲಿತ್ತು. ಆ ಬತ್ತಿ ಬೆಂಕಿಗೆ ಬಗ್ಗದ ನಾರಿನದು ಅನ್ನುವುದನ್ನು ನಾನು ಓದಲಿಲ್ಲ. ನನ್ನ ಎಂಜಿನ್ನಿನಲ್ಲಿ ಬತ್ತಿಯೇ ಇಲ್ಲ ಅನ್ನುವುದನ್ನಂತೂ ನೋಡಲೇ ಇಲ್ಲ. ದೀಪಕ್ಕಿಟ್ಟ ಹೂಬತ್ತಿಯನ್ನು ಹೊಸೆದು, ಬತ್ತಿಯಿಲ್ಲದ ಎಂಜಿನ್ನಿಗೆ ಭಕ್ತಿಯಿಂದ ಬತ್ತಿ ಇಟ್ಟೆ. ಅದು ಒಳಗೆ ಹೋಗಿ ಕರಿಕಾಯಿತು.

ಹಳಿಯ ಉಸಾಬರಿಯೇ ಬೇಡ, ಎಂಜಿನ್ನಿನ ತಂತಿಗೆ ನೇರವಾಗಿ 12 ವೋಲ್ಟು ಕೊಟ್ಟು ನೋಡಿದರೆ ತಂತಿ ಸುಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಉಪಾಯ ಸರಿಯಾದದ್ದೇ. ಒಂದು ಸಣ್ಣ ಅಡಾಪ್ಟರು ಸಾಕಿತ್ತು. ನಾನು ಹಾಲಿನ ಮೂಲೆಯ ಇನ್ವರ್ಟರ್ ಬ್ಯಾಟರಿಯ ಕಡೆ ನೋಡಿದೆ. ಅದೂ 12 ವೋಲ್ಟೇ. ಆದರೆ ಇಡೀ ಮನೆಯ ಫ್ಯಾನು ಲೈಟು ಎಳೆಯುವ ಗಟ್ಟಿ ಆಸಾಮಿ ಅದು. ತಂತಿಗೆ ತಂತಿ ತಗುಲಿದರೆ ಕೊಡುವ ಕರೆಂಟಿಗೆ ಲೆಕ್ಕವಿಲ್ಲ. ತಗುಲಿತು. ಆಗ ಬಂತು ನೋಡಿ ಹೊಗೆ! ದಟ್ಟ, ಕಪ್ಪು, ಸುರುಳಿ ಸುರುಳಿ. ನನ್ನ ಬಾಲ್ಯದ ದಂಡು ಸ್ಟೇಷನ್ನೇ ಕಣ್ಣಮುಂದೆ ಬಂದು ನಿಂತಿತು. ನಾನು ಆನಂದದಿಂದ ಮಗಳನ್ನು ಕೂಗಿದೆ. “ಅಪ್ಪಾ, ಅದು ಎಂಜಿನ್ನಿಂದ ಬರ್ತಿಲ್ಲ, ವೈರ್ ಸುಡ್ತಿದೆ” ಅಂದಳು. ಅವಳೇ ಮರದ ಹಿಡಿಯ ದೋಸೆ ಸಟ್ಟುಗದಲ್ಲಿ ತಂತಿ ಎಳೆದು ಬಿಸಾಡಿದಳು. ಅವತ್ತು ರಾತ್ರಿ ಕರೆಂಟು ಹೋದಾಗ ಇನ್ವರ್ಟರ್ ಕೂಡ ಏಳಲಿಲ್ಲ. ಕತ್ತಲಲ್ಲಿ ಯಾರೂ ನನ್ನ ಮುಖ ನೋಡಲಾಗದಿದ್ದದ್ದು ದೇವರ ದಯೆ.

ಮೋಂಬತ್ತಿ ಕೊಟ್ಟುಹೋಗಲು ಬಂದ ಪಕ್ಕದ ಮನೆಯ ಹಿರಿಯರು ಕೆ.ಆರ್. ಪುರದ ಡೀಸೆಲ್ ಶೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಥೆಯನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. “ಅಲ್ಲಾ ಸಾರ್, ಸರ್ವೀಸ್ ಪೂರ್ತಿ ನಾನು ಹೊಗೆ ನಿಲ್ಸೋಕೆ ಒದ್ದಾಡಿದೀನಿ, ನೀವು ಬರಿಸೋಕೆ ಅಳ್ತಿದೀರಲ್ಲ” ಅಂದರು. ಆಮೇಲೆ ಮೋಂಬತ್ತಿ ಬೆಳಕಿನಲ್ಲಿ ಪಾಠ ಮಾಡಿದರು. ಎಂಜಿನ್ನಿನಿಂದ ಕಪ್ಪು ಹೊಗೆ ಬಂದರೆ ಎಣ್ಣೆ ಜಾಸ್ತಿ, ಗಾಳಿ ಕಮ್ಮಿ. ನೀಲಿ ಬಂದರೆ ಲೂಬ್ ಆಯಿಲ್ ಉರೀತಿದೆ. ಬಿಳಿ ಬಂದರೆ ಡೀಸೆಲ್ ಉರೀದೇ ಹಾಗೇ ಹೊರಗೆ ಬರ್ತಿದೆ, ಇಲ್ಲಾ ನೀರು ಸೇರಿದೆ. ಹಳೇ ಆಲ್ಕೋ ಎಂಜಿನ್ನುಗಳು, 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2, ಸ್ಟೇಷನ್ ಬಿಡುವಾಗ ಕಪ್ಪಗೆ ಕಾರುತ್ತಿದ್ದದ್ದು ಯಾಕೆ? ಡ್ರೈವರು ನಾಚ್ ಎತ್ತಿದ ತಕ್ಷಣ ಡೀಸೆಲ್ ಬೀಳುತ್ತದೆ, ಟರ್ಬೋ ವೇಗ ಹಿಡಿದು ಗಾಳಿ ಕೊಡಲು ತಡಮಾಡುತ್ತದೆ, ಅಷ್ಟು ಹೊತ್ತು ಹೊಗೆ. ಉಗಿ ಎಂಜಿನ್ನಿನಲ್ಲೂ ಒಳ್ಳೆ ಫೈರ್‌ಮನ್ ಇದ್ದರೆ ಚಿಮಣಿ ತೆಳ್ಳಗೆ ಬೂದು ಬಣ್ಣ ಬಿಡೋದು, ಕಲ್ಲಿದ್ದಲು ಸುಮ್ಮನೆ ಸುರಿದರೆ ಮಾತ್ರ ಕಪ್ಪು. ನನ್ನ ಬಾಲ್ಯದ ಆ ಭವ್ಯ ಹೊಗೆಯೆಲ್ಲ ಯಾರೋ ಕಲ್ಲಿದ್ದಲು ಹಾಳುಮಾಡಿದ ಗುರುತು ಅಂತ ತಿಳಿದು ಹೊಟ್ಟೆ ಉರಿಯಿತು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು: “ದಾರಿ ಕಟ್ಟಿದೆ ಸಾರ್. ಏನೂ ಹಾಕ್ಬೇಡಿ. ತೆಗೀರಿ.” ಆ ಮಾತನ್ನು ಅವತ್ತೇ ಕೇಳಿದ್ದರೆ ಕೆ.ಆರ್. ಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ಇಷ್ಟು ಪ್ರಸಿದ್ಧವಾಗುತ್ತಿರಲಿಲ್ಲ.

ಅಲ್ಲಿರುವುದು ನನ್ನ ನಾದಿನಿ. ಅವಳ ಮಗನ ಹುಟ್ಟುಹಬ್ಬ. “ದೊಡ್ಡಪ್ಪಾ, ಹೊಗೆ ಬಿಡೋ ರೈಲು ತರ್ತೀಯಾ?” ಅಂತ ಆ ಮಗು ಫೋನ್ ಮಾಡಿತು. ಜಗತ್ತಿನಲ್ಲಿ ನನ್ನನ್ನು ಇನ್ನೂ ನಂಬುವ ಜೀವ ಅದೊಂದೇ. ತರ್ತೀನಿ ಅಂದೆ. ಪುಣ್ಯಕ್ಕೆ ಜರ್ಮನಿಯಿಂದ ಹೊಸ ಎಣ್ಣೆಯ ಬಾಟಲಿ ಬಂದಿತ್ತು. ಎಲ್ಲವನ್ನೂ ಚೀಲಕ್ಕೆ ತುಂಬಿ ಹಲಸೂರು ಮೆಟ್ರೋ ಸ್ಟೇಷನ್ನಿಗೆ ಹೋದೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ತುಂಡು ಸೇರಿಕೊಂಡ ಮೇಲೆ ಅಲ್ಲಿಗೆ ಒಂದೇ ರೈಲು, ಆರಾಮ. ಚೀಲ ಸ್ಕ್ಯಾನರಿನೊಳಗೆ ಹೋಗಿ ಅಲ್ಲೇ ನಿಂತಿತು. ಪರದೆಯ ಮೇಲೆ ನೋಡಿದರೆ ನನಗೇ ಭಯವಾಯಿತು: ಸುತ್ತಿದ ತಂತಿಗಳು, ಲೋಹದ ಕೊಳವೆ, ತಿರುಗಿಸುವ ಗುಂಡಿ, ಬಾಟಲಿಯಲ್ಲಿ ದ್ರವ.

“ಏನ್ ಸಾರ್ ಇದು?”

“ರೈಲು.”

“ರೈಲಿಗೆ ರೈಲು ತಂದಿದೀರಾ?”

ಅಲ್ಲೇ ಮೇಜಿನ ಮೇಲೆ ಹಳಿ ಜೋಡಿಸಿ ತೋರಿಸಬೇಕಾಯಿತು. ಹಿಂದೆ ಸಾಲು ಬೆಳೆಯಿತು. ನೋಡಿದವರೆಲ್ಲ, “ಹೊಗೆ ಬಿಡುತ್ತಾ?” ಅಂತಲೇ ಕೇಳಿದರು. ಎಂಜಿನ್ನು ಬಿಟ್ಟರು, ಎಣ್ಣೆ ಬಿಡಲಿಲ್ಲ. ಬೆಂಕಿ ಹತ್ತುವ ಎಣ್ಣೆಯನ್ನು ಒಳಗೆ ಒಯ್ಯುವಂತಿಲ್ಲ, ಅದು ನ್ಯಾಯವೇ. ಬಾಟಲಿಯನ್ನು ಹೊರಗಿನ ಹೂವಿನ ಅಜ್ಜಿಯ ಹತ್ತಿರ ಇಟ್ಟುಕೊಂಡಿರಿ ಅಂತ ಕೊಟ್ಟು, ಎಣ್ಣೆಯಿಲ್ಲದ ಎಂಜಿನ್ನಿನೊಂದಿಗೆ ಹುಟ್ಟುಹಬ್ಬಕ್ಕೆ ಹೋದೆ.

ಮಕ್ಕಳು ನೆಲದ ಮೇಲೆ ಸುತ್ತ ಕೂತಿದ್ದವು. ತಲೆಗೆಲ್ಲ ಕಾಗದದ ಟೋಪಿ. ನನ್ನ ತಲೆಗೂ ಒಂದು. ಹೊಗೆ ಎಲ್ಲಿ, ಹೊಗೆ ಎಲ್ಲಿ ಅಂತ ಗಲಾಟೆ. ನನಗೆ ಆಗ ಬಂದ ಯೋಚನೆಯನ್ನು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಥರ್ಮಾಕೋಲಿನಲ್ಲಿ ಒಂದು ಸುರಂಗ ಮಾಡಿಟ್ಟಿದ್ದೆ. ನಾದಿನಿಯ ದೇವರಮನೆಯಲ್ಲಿ ಕಪ್ ಸಾಂಬ್ರಾಣಿ ಇತ್ತು. ಒಂದನ್ನು ಹಚ್ಚಿ ಸುರಂಗದೊಳಗೆ ಅಡಗಿಸಿಟ್ಟರೆ, ಎಂಜಿನ್ನು ಒಳಹೊಕ್ಕು ಹೊರಬರುವಾಗ ಹೊಗೆಯಲ್ಲಿ ಮುಳುಗಿ ಬರುತ್ತದೆ, ಮಕ್ಕಳಿಗೆ ತಿಳಿಯುವುದಿಲ್ಲ. ಒಂದು ಸಾಲದು ಅಂತ ಡಬ್ಬಿಯಲ್ಲಿದ್ದಷ್ಟನ್ನೂ ಹಚ್ಚಿದೆ. ಎಣ್ಣೆಯ ವಿಷಯದಲ್ಲಿ ಕಲಿಯದವನು ಸಾಂಬ್ರಾಣಿಯ ವಿಷಯದಲ್ಲಿ ಕಲಿಯುತ್ತಾನೆಯೇ?

ಮೊದಲ ಸುತ್ತು ಅದ್ಭುತ. ಮಕ್ಕಳು ಕಿರುಚಿದವು. ಎರಡನೇ ಸುತ್ತಿನಲ್ಲಿ ಥರ್ಮಾಕೋಲ್ ಕರಗಿ ಸುರಂಗ ಕುಸಿದು, ಸಾಂಬ್ರಾಣಿಯ ಬಿಳಿ ಹೊಗೆಗೆ ಅದರ ಕಪ್ಪು ಹೊಗೆ ಸೇರಿತು. ನಾನು ಕುಡಿಯುವ ನೀರಿನ ಜಗ್ಗು ಸುರಿದು ಆರಿಸಿದೆ. ಅಷ್ಟರಲ್ಲಿ ಛಾವಣಿಯಲ್ಲಿದ್ದ ಪುಟ್ಟ ಬಿಳಿ ಗುಂಡಿಯೊಂದು ಕೆಂಪಗೆ ಮಿಟುಕಿತು. ಮರುಕ್ಷಣ ಇಡೀ ಕಟ್ಟಡ ಬೊಬ್ಬೆ ಹೊಡೆಯಿತು. ಲಿಫ್ಟುಗಳು ಕೆಳಗೆ ಹೋಗಿ ನಿಂತವು. ಮೆಟ್ಟಿಲ ಮೇಲೆ ಎಲ್ಲ ಮಹಡಿಗಳ ಜನವೂ ಇಳಿಯತೊಡಗಿದರು. ಸ್ನಾನದ ಅರ್ಧದಲ್ಲಿ ಬಂದವರು, ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಮಾಡುತ್ತಲೇ ಇಳಿದವರು, ಬೆಕ್ಕು ಹೊತ್ತವರು, ಒಗ್ಗರಣೆ ಸೌಟು ಹಿಡಿದವರು. ಎಲ್ಲರೂ ಒಬ್ಬರನ್ನೊಬ್ಬರು, “ಎಲ್ಲಿ ಬೆಂಕಿ?” ಅಂತ ಕೇಳುತ್ತಿದ್ದರು. ಅವರ ನಡುವೆ ತಲೆಗೆ ಕಾಗದದ ಟೋಪಿ, ಮೈಯೆಲ್ಲ ಸಾಂಬ್ರಾಣಿ ವಾಸನೆ, ಕಂಕುಳಲ್ಲಿ ಎಂಜಿನ್ನು ಇಟ್ಟುಕೊಂಡು ನಾನೂ ಇಳಿಯುತ್ತಾ, “ಎಲ್ಲಿ ಬೆಂಕಿ?” ಅಂತ ಕೇಳಿದೆ.

ಅಗ್ನಿಶಾಮಕ ವಾಹನವೂ ಬಂತು. ಸುದ್ದಿ ತಿಳಿದು ಅದರಿಂದಿಳಿದ ಅಧಿಕಾರಿ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಎಂಜಿನ್ನನ್ನು ಕೈಗೆ ತೆಗೆದುಕೊಂಡು ಅತ್ತ ಇತ್ತ ತಿರುಗಿಸಿದರು. ಇನ್ನೂರು ಜನ ಸುತ್ತ ನಿಂತಿದ್ದರು, ಇನ್ನೂರೋ ಎರಡು ಸಾವಿರವೋ, ನನಗೆ ಲಕ್ಷ ಕಂಡಿತು.

“ಇದು ಹೊಗೆ ಬಿಡುತ್ತೇನ್ರೀ?” ಅಂತ ಕೇಳಿದರು.

“ಇಲ್ಲ ಸಾರ್,” ಅಂದೆ. “ಅದೇ ತೊಂದರೆ.”

ಮಗು ಮಾತ್ರ ನನ್ನ ಕೈ ಹಿಡಿದು ಎಳೆಯಿತು. “ದೊಡ್ಡಪ್ಪಾ, ಫೈರ್ ಎಂಜಿನ್ನೂ ಕರೆಸಿದ್ಯಾ? ಮುಂದಿನ ಬರ್ತ್‌ಡೇಗೂ ಇದೇ ಮಾಡೋಣ.” ಆ ಅಪಾರ್ಟ್‌ಮೆಂಟಿನ ನೋಟೀಸ್ ಬೋರ್ಡಿನಲ್ಲಿ ಈಗ ಸಾಕುನಾಯಿ, ಪಟಾಕಿ, ಹೋಳಿಬಣ್ಣದ ನಿಯಮಗಳ ಕೆಳಗೆ ರೈಲಿನ ಮೇಲೂ ಒಂದು ನಿಯಮವಿದೆ. ಬೆಂಗಳೂರಿನಲ್ಲಿ ಮನೆಯೊಳಗೆ ರೈಲು ಓಡಿಸುವುದನ್ನು ನಿಷೇಧಿಸಿದ ಮೊದಲ ಕಟ್ಟಡ ಅದೇ ಇರಬೇಕು ಅಂತ ನಾದಿನಿಯ ಗಂಡ ನನ್ನನ್ನು ಸಮಾಧಾನಪಡಿಸಿದರು.

ನಮ್ಮವಳು ಎಂಜಿನ್ನನ್ನು ಚೀಲಕ್ಕೆ ಹಾಕಿ, ನನ್ನನ್ನು ಆಟೋಗೆ ಹಾಕಿ, ಶಿವಾಜಿನಗರಕ್ಕೆ ಕರೆದುಕೊಂಡು ಹೋದಳು. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ರಿಪೇರಿಯಾಗದ ವಸ್ತು ಇಲ್ಲ ಅನ್ನುವುದು ದಂಡಿನವರ ನಂಬಿಕೆ. ಅವಳ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳು ಮರುಜನ್ಮ ಪಡೆಯುವ ಅಂಗಡಿಯ ಮುಂದೆ ನಿಂತೆವು. ಭಾಯ್ ಎಂಜಿನ್ನನ್ನು ನೋಡಿದರು. ಮೂಸಿದರು. ಕಣ್ಣಿಗೆ ಗಡಿಯಾರದವರ ಭೂತಗನ್ನಡಿ ಸಿಕ್ಕಿಸಿಕೊಂಡರು. ಆಮೇಲೆ ಮೇಜಿನ ಡ್ರಾಯರು ಎಳೆದು, ಹಳೇ ತಗಡಿನ ಡಬ್ಬಿ ತೆಗೆದು, ಅದರಿಂದ ಒಂದು ಸ್ಟವ್ ಪಿನ್ನು ಹೊರತೆಗೆದರು.

ಸ್ಟವ್ ಪಿನ್ನು ನೆನಪಿದೆಯಾ? ಪಂಪ್ ಸ್ಟವ್ ಕಾಲದಲ್ಲಿ ಪ್ರತಿ ಮನೆಯ ಗೋಡೆಯ ಮೊಳೆಗೆ ನೇತುಹಾಕಿರುತ್ತಿದ್ದ ತಗಡಿನ ಪಟ್ಟಿ, ಅದರ ತುದಿಗೆ ಕೂದಲೆಳೆಯ ಗಾತ್ರದ ಉಕ್ಕಿನ ತಂತಿ. ಸ್ಟವ್ವು ಸೀಮೆಎಣ್ಣೆ ಕಾರಿ ಹಳದಿಯಾಗಿ ಉರಿದರೆ ಅಮ್ಮ ನಿಪ್ಪಲಿಗೆ ಒಂದು ಸಲ ಅದನ್ನು ಚುಚ್ಚಿ ತೆಗೆದರೆ ಸಾಕು, ಬುಸ್ ಎಂದು ನೀಲಿ ಉರಿ. ಭಾಯ್ ಅದನ್ನು ಒಳಕೊಳವೆಗೆ ಮೆಲ್ಲಗೆ ಇಳಿಸಿ ತೆಗೆದರು, ತಿರುಗಿಸದೆ, ಒತ್ತದೆ. ಮೇಜಿನ ಮೇಲೆ ಹಾಸಿದ ಕಾಗದದ ಮೇಲೆ ನನ್ನ ಚರಿತ್ರೆಯೆಲ್ಲ ಒಂದೊಂದಾಗಿ ಬಂದು ಬಿತ್ತು. ಮೊದಲು ಕರ್ಪೂರದ ಹರಳು. ಆಮೇಲೆ ಸುಟ್ಟ ಹತ್ತಿ. ಆಮೇಲೆ ಕರಕಲಾದ ತೆಂಗಿನೆಣ್ಣೆ. ನುಗ್ಗೇಕಾಯಿಯ ಒಂದು ನಾರು. ಎಲ್ಲಕ್ಕಿಂತ ಕೆಳಗೆ, ನಿಮಗೆ ನೆನಪಿಡಲು ಹೇಳಿದ್ದೆನಲ್ಲ, ಆ ಹಲ್ಲುಕಡ್ಡಿಯ ತುದಿ.

“ಎಲ್ಲಾ ಹಾಕಿದೀರಾ ಸಾರ್,” ಅಂದರು ಭಾಯ್, ಗಂಭೀರವಾಗಿ. “ಉಪ್ಪು ಒಂದು ಬಿಟ್ಟಿದೀರಾ.”

ನಮ್ಮವಳು ಮುಖ ಆ ಕಡೆ ತಿರುಗಿಸಿ ಮಾರ್ಕೆಟ್ಟಿನ ಗೋಪುರ ನೋಡತೊಡಗಿದಳು. ಅವಳ ಭುಜ ಕುಣಿಯುತ್ತಿತ್ತು.

ಹೂವಿನ ಅಜ್ಜಿಯ ಹತ್ತಿರವಿದ್ದ ಎಣ್ಣೆ ಬಿಡಿಸಿಕೊಂಡು ಬಂದೆ. ಹನಿ ಎಣಿಸಿ ಹಾಕಿದೆ. ಓಡಿಸುವ ಮೊದಲು ಒಂದೆರಡು ನಿಮಿಷ ಕಾಯಿಸಿದೆ, ಆಮೇಲೆ ಅರ್ಧ ವೇಗಕ್ಕೆ ಬಿಟ್ಟೆ. ಬಂತು. ಬೆಳ್ಳಗೆ, ಮೆಲ್ಲಗೆ, ನೆಟ್ಟಗೆ, ಕೊಡೆಯ ಹಂಗಿಲ್ಲದೆ ಕಾಣುವಷ್ಟು. ಎಣ್ಣೆ ಮುಗಿದ ಮೇಲೂ ಓಡಿಸುತ್ತಿದ್ದರೆ ತಂತಿ ಒಣಗಿ ಸುಟ್ಟುಹೋಗುತ್ತದೆ, ಹಾಗಾಗಿ ಹೊಗೆ ತೆಳ್ಳಗಾದೊಡನೆ ನಿಲ್ಲಿಸುತ್ತೇನೆ. ಪುಸ್ತಿಕೆಯ ಮೊದಲನೆಯ ಪುಟದಲ್ಲಿ ಇಷ್ಟೇ ಇತ್ತು, ಅದೂ ಚಿತ್ರದಲ್ಲಿ. ಜರ್ಮನ್ ಬಾರದವರಿಗೂ ತಿಳಿಯಲಿ ಅಂತ ಪಾಪ ಅಷ್ಟು ಕಷ್ಟಪಟ್ಟಿದ್ದರು.

ಈಗ ಉಳಿದಿರುವ ತೊಂದರೆ ಒಂದೇ. ಒಳಕೊಳವೆಯನ್ನು ಆಗಾಗ ಚುಚ್ಚಿ ಸ್ವಚ್ಛ ಮಾಡಬೇಕು, ಸ್ಟವ್ ಪಿನ್ನು ಈಗ ಎಲ್ಲಿ ಕೇಳಿದರೂ ಇಲ್ಲ. ಭಾಯ್ ಹತ್ತಿರ ಇದ್ದದ್ದನ್ನು ಅವರು ನನಗೆ ಕೊಡಲಿಲ್ಲ. ನನ್ನ ಕೈಗೆ ಚೂಪಾದದ್ದು ಕೊಡಬೇಡಿ ಅಂತ ನಮ್ಮವಳು ಮೊದಲೇ ಹೇಳಿದ್ದಳಂತೆ. ಆದ್ದರಿಂದ ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜಿಯ ಸ್ಟವ್ವಿನ ಜೊತೆ, ತುಕ್ಕು ಹಿಡಿಯದ ಒಂದು ಪಿನ್ನು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಲಸೂರಿನ ಕಡೆ ಬಂದಾಗ ನನಗೆ ತಂದುಕೊಡಿ. ಕಾಫಿ ಕೊಡುತ್ತೇನೆ, ರೈಲು ತೋರಿಸುತ್ತೇನೆ. ಬಾಗಿಲಲ್ಲಿ ನಮ್ಮವಳು ಸಿಕ್ಕಿದರೆ ಮಾತ್ರ ಪಿನ್ನಿನ ವಿಷಯ ಎತ್ತಬೇಡಿ.